ಒಂದೇ ಉತ್ತರದ ಬೇಟೆ

1913ರ ಡಿಸೆಂಬರ್. ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ವಿನೋದ ಪುರವಣಿ ‘ಫನ್’ ಅಚ್ಚಿಗೆ ಹೋಗುವ ಹೊತ್ತು ಹತ್ತಿರವಾಗಿತ್ತು. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ್ದ ಆರ್ಥರ್ ವಿನ್ ಆ ಪುರವಣಿಯ ಹೊಣೆ ಹೊತ್ತವರು. ಕ್ರಿಸ್‌ಮಸ್ ವಾರಕ್ಕೆ ಹೊಸದೊಂದು ಆಟ ಬೇಕಿತ್ತು. ಅವರು ವಜ್ರದಾಕಾರದಲ್ಲಿ ಮನೆಗಳನ್ನು ಗೀಚಿ, ನಡುವೆ ಖಾಲಿ ಬಿಟ್ಟು, ಮೇಲುಗಡೆ ಪುರವಣಿಯ ಹೆಸರನ್ನೇ ತುಂಬಿಟ್ಟು, ಉಳಿದ ಪದಗಳಿಗೆ ಸುಳಿವು ಬರೆದರು. 21ರಂದು ಅದು ‘ವರ್ಡ್-ಕ್ರಾಸ್’ ಎಂಬ ಹೆಸರಿನಲ್ಲಿ ಹೊರಬಂತು. ಕೆಲವೇ ವಾರಗಳಲ್ಲಿ ಅಚ್ಚುಮನೆಯಲ್ಲಾದ ಕೈತಪ್ಪಿನಿಂದ ಹೆಸರು ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆಯಿತು. ಅದನ್ನು ಯಾರೂ ತಿದ್ದಲಿಲ್ಲ. ಜಗತ್ತು ಇವತ್ತಿಗೂ ಆ ತಪ್ಪನ್ನೇ ಹೆಸರಾಗಿ ಕರೆಯುತ್ತಿದೆ.

ಆ ಮೊದಲ ಪದಬಂಧದಲ್ಲಿ ‘ಡವ್’ ಎಂಬ ಪಾರಿವಾಳದ ಹೆಸರು ಎರಡು ಸಲ ಬಂದಿತ್ತು. ಒಂದು ಕಡೆ ಅದರ ಸುಳಿವು ‘ಒಂದು ಹಕ್ಕಿ’. ಅಷ್ಟಕ್ಕೆ ನೂರು ಉತ್ತರ ಹೊಂದುತ್ತಿತ್ತು. ಬೇರೊಂದು ಪದದ ಸುಳಿವು ಗೋಮುತಿ ಎಂಬ ತಾಳೆಜಾತಿಯ ಮರದ ನಾರನ್ನು ಕೇಳಿತ್ತು. ಅದಕ್ಕೆ ಉತ್ತರ ಒಂದೇ, ಆದರೆ ಬಲ್ಲವರು ಎಷ್ಟು ಮಂದಿ? ಒಂದು ಸುಳಿವು ಬಾಗಿಲನ್ನು ಪೂರಾ ತೆರೆದಿತ್ತು, ಇನ್ನೊಂದು ಪೂರಾ ಮುಚ್ಚಿತ್ತು. ಆದರೂ ಓದುಗರು ಬಿಡಿಸಿದರು. ಅಡ್ಡ ಹಾಯ್ದ ಪದಗಳು ಅಕ್ಷರಗಳನ್ನು ಒದಗಿಸಿಕೊಡುತ್ತಿದ್ದವು. ಸುಳಿವು ಸೋತಲ್ಲಿ ಜಾಲವೇ ಕೈಹಿಡಿಯಿತು. ಹಾಗಾಗಿ ಸುಳಿವನ್ನು ಚೆನ್ನಾಗಿ ಬರೆಯಬೇಕು ಎಂಬ ಒತ್ತಡ ಯಾರ ಮೇಲೂ ಬೀಳಲಿಲ್ಲ.

ಎಂಟು ವರ್ಷ ಹಾಗೇ ಕಳೆಯಿತು. ಅಚ್ಚುಮೊಳೆ ಜೋಡಿಸುವವರಿಗೆ ಪದಬಂಧವೆಂದರೆ ತಲೆನೋವು. ಸಂಖ್ಯೆಗಳು ತಪ್ಪುತ್ತಿದ್ದವು, ಸುಳಿವುಗಳು ಕಳೆದುಹೋಗುತ್ತಿದ್ದವು, ಸಿಟ್ಟಾದ ಓದುಗರ ಪತ್ರಗಳು ಬರುತ್ತಿದ್ದವು. 1921ರಲ್ಲಿ ಮಾರ್ಗರೆಟ್ ಪೆಥರ್‌ಬ್ರಿಜ್ ಎಂಬ ಯುವತಿ ಕಾರ್ಯದರ್ಶಿಯಾಗಿ ಕಚೇರಿ ಸೇರಿದಾಗ ಈ ತಲೆನೋವು ಅವರ ಮೇಜಿಗೆ ಬಂತು. ಆಕೆಗೆ ಪದಬಂಧದಲ್ಲಿ ಆಸಕ್ತಿಯೇ ಇರಲಿಲ್ಲ. ಓದುಗರು ಕಳಿಸಿದವುಗಳಲ್ಲಿ ನೋಡಲು ಚಂದವಿದ್ದುದನ್ನು ಆರಿಸಿ, ಒಮ್ಮೆಯೂ ಬಿಡಿಸಿ ನೋಡದೆ ಅಚ್ಚಿಗೆ ಕಳಿಸುತ್ತಿದ್ದರು.

ಅದೇ ಪತ್ರಿಕೆಯ ಅಂಕಣಕಾರ ಫ್ರಾಂಕ್ಲಿನ್ ಪಿ. ಆಡಮ್ಸ್ ಪದಬಂಧದ ಹುಚ್ಚು ಹಿಡಿದವರು. ತಪ್ಪುಗಳನ್ನು ಆಕೆಯ ಮುಂದಿಟ್ಟು ಕಾಡತೊಡಗಿದರು. ಕಡೆಗೊಂದು ದಿನ ಮಾರ್ಗರೆಟ್ ತಾವೇ ಆರಿಸಿದ್ದ ಪದಬಂಧವನ್ನು ಬಿಡಿಸಲು ಕೂತರು. ಬಿಡಿಸಲಾಗಲಿಲ್ಲ. ಓದುಗರ ಸಿಟ್ಟು ಆಗ ಅರ್ಥವಾಯಿತು. ಎಡಗೈಯನ್ನು ನಿಘಂಟಿನ ಮೇಲಿಟ್ಟು ಬಲಗೈ ಎತ್ತಿ, ಇನ್ನು ಮೇಲೆ ಕುಂದಿಲ್ಲದ ಪದಬಂಧವನ್ನೇ ಕೊಡುತ್ತೇನೆಂದು ಪ್ರಮಾಣ ಮಾಡಿದರು. 1924ರಲ್ಲಿ ಸೈಮನ್ ಮತ್ತು ಶುಸ್ಟರ್ ಎಂಬ ಹೊಸ ಪ್ರಕಾಶಕರು ಮೊದಲ ಪದಬಂಧ ಪುಸ್ತಕ ತಂದಾಗ ಅದನ್ನು ಸಂಪಾದಿಸಿದವರಲ್ಲಿ ಆಕೆಯೂ ಒಬ್ಬರು. ಹೆಸರು ಕೆಟ್ಟೀತೆಂಬ ಅಳುಕಿನಿಂದ ಪ್ರಕಾಶಕರು ಬೇರೆ ಸಂಸ್ಥೆಯ ಹೆಸರು ಹಾಕಿ, ಪ್ರತಿ ಪುಸ್ತಕಕ್ಕೂ ಒಂದು ಪೆನ್ಸಿಲ್ ಜೋಡಿಸಿ, 3,600 ಪ್ರತಿಗಳನ್ನಷ್ಟೇ ಅಚ್ಚು ಹಾಕಿಸಿದ್ದರು. ಅದು ಸಾಲದೆ ಮತ್ತೆ ಮತ್ತೆ ಅಚ್ಚು ಹಾಕಿಸಬೇಕಾಯಿತು. ಪದಬಂಧವನ್ನು ಕಾಲಹರಣವೆಂದು ಹಳಿದಿದ್ದ ‘ನ್ಯೂಯಾರ್ಕ್ ಟೈಮ್ಸ್’ 1942ರಲ್ಲಿ ತಾನೂ ಶುರುಮಾಡಿದಾಗ ಸಂಪಾದಕಿಯಾಗಿ ಕರೆದದ್ದು ಮಾರ್ಗರೆಟ್ ಅವರನ್ನೇ.

ಸುಳಿವು ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮಲ್ಲಿ ತೋರಿಸಿಕೊಟ್ಟದ್ದು ಪತ್ರಿಕಾಲಯವಲ್ಲ, ನ್ಯಾಯಾಲಯ. 1950ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯಲ್ಲಿ ‘ಆರ್.ಎಂ.ಡಿ.ಸಿ. ಕ್ರಾಸ್‌ವರ್ಡ್ಸ್’ ಎಂಬ ಬಹುಮಾನದ ಸ್ಪರ್ಧೆ ನಡೆಯುತ್ತಿತ್ತು. ಅದರ ಹಿಂದೆ ಇದ್ದದ್ದು ಮೈಸೂರು ರಾಜ್ಯದಲ್ಲಿ ನೋಂದಣಿಯಾದ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಅವರ ಕಂಪನಿ. ಪತ್ರಿಕೆ ಮುಂಬೈ ರಾಜ್ಯದಲ್ಲೂ ದಂಡಿಯಾಗಿ ಮಾರಾಟವಾಗುತ್ತಿತ್ತು, ಅಲ್ಲಿಂದ ಪ್ರವೇಶ ಶುಲ್ಕ ಹರಿದುಬರುತ್ತಿತ್ತು. ಆ ಸರ್ಕಾರ ಕಾನೂನು ತಿದ್ದಿ ತೆರಿಗೆ ಹಾಕಿತು. ಕಂಪನಿ ಕೋರ್ಟಿನ ಮೆಟ್ಟಿಲು ಹತ್ತಿ ಮುಂಬೈ ಹೈಕೋರ್ಟಿನಲ್ಲಿ ಗೆದ್ದಿತು.

ಸುಪ್ರೀಂ ಕೋರ್ಟಿನಲ್ಲಿ ಕತೆ ತಿರುಗಿತು. ಸರಿಯುತ್ತರವನ್ನು ಕಂಪನಿ ಮೊದಲೇ ಮೊಹರು ಮಾಡಿ ಇಟ್ಟಿರುತ್ತಿತ್ತು. ಸುಳಿವಿಗೆ ಎರಡು ಪದ ಹೊಂದಿದರೂ ಕಂಪನಿಯ ಲಕೋಟೆಯಲ್ಲಿದ್ದ ಪದವೇ ಸರಿ. ‘ಮನುಷ್ಯನಿಗೆ ಇದು ಬೇಕೇ ಬೇಕು (2)’ ಎಂಬಂಥ ಸುಳಿವಿಗೆ ಎರಡನೆಯ ಮನೆಯಲ್ಲಿ ‘ಣ’ ಇದ್ದಾಗ ‘ಹಣ’ ಎಂದರೂ ಸರಿ, ‘ಗುಣ’ ಎಂದರೂ ಸರಿ. ಯಾವುದೆಂದು ಬುದ್ಧಿಯಿಂದ ತೀರ್ಮಾನಿಸಲು ದಾರಿಯೇ ಇಲ್ಲ. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಈ ಸ್ಪರ್ಧೆ ಜೂಜಿನ ಸ್ವರೂಪದ್ದೆಂದು ಹೇಳಿತು. ಅದಕ್ಕೂ ಮೊದಲೇ ಬಂದಿದ್ದ 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆ ತಿಂಗಳ ಬಹುಮಾನದ ಒಟ್ಟು ಮೊತ್ತಕ್ಕೆ 1,000 ರೂಪಾಯಿ, ಒಂದು ಸ್ಪರ್ಧೆಯ ಪ್ರವೇಶಗಳಿಗೆ 2,000 ಎಂದು ಮಿತಿ ಹಾಕಿತ್ತು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ ಕೋರ್ಟು ಆ ಕಾಯ್ದೆ ತಟ್ಟುವುದು ಜೂಜಿನ ಸ್ಪರ್ಧೆಗಳಿಗೆ ಮಾತ್ರ, ಗೆಲುವು ಬಹುಪಾಲು ಜಾಣ್ಮೆಯಿಂದಲೇ ಬರುವ ಸ್ಪರ್ಧೆಗಳಿಗಲ್ಲ ಎಂದಿತು. ಒಂದು ಸುಳಿವಿಗೆ ಒಂದೇ ಉತ್ತರವೋ ಎರಡೋ ಎಂಬುದು ಅಲ್ಲಿಗೆ ಬರಿಯ ಆಟದ ಸಂಗತಿಯಾಗಿ ಉಳಿಯಲಿಲ್ಲ.

ಕನ್ನಡದಲ್ಲಿ ಪದಬಂಧ ಕಟ್ಟಲು ಹೊರಟವರಿಗೆ ಕಾದಿದ್ದ ಕಷ್ಟವೇ ಬೇರೆ. ಇಂಗ್ಲಿಷಿನಲ್ಲಿ 26 ಅಕ್ಷರ. ಅಲ್ಲಿ ಯಾವ ಎರಡು ಪದ ತೆಗೆದುಕೊಂಡರೂ ಒಂದಾದರೂ ಅಕ್ಷರ ಸಾಮಾನ್ಯವಾಗಿ ಕೂಡುತ್ತದೆ. ಕನ್ನಡದಲ್ಲಿ 34 ವ್ಯಂಜನಕ್ಕೆ 13 ಸ್ವರ ಸೇರಿ ಗುಣಿತಾಕ್ಷರಗಳೇ 442. ಅದರ ಮೇಲೆ ಒತ್ತಕ್ಷರ, ಸೊನ್ನೆ. ಒಂದು ಮನೆಗೆ ಒಂದು ಇಡೀ ಅಕ್ಷರ. ‘ತಿ’ ಇರುವಲ್ಲಿ ‘ತ’ ಸಲ್ಲದು, ‘ರ್ತಿ’ಯೂ ಸಲ್ಲದು. ಹಾಗಾಗಿ ಪದಗಳು ಒಂದನ್ನೊಂದು ಮುಟ್ಟುವುದೇ ಅಪರೂಪವಾಗಿ ಕಪ್ಪು ಮನೆಗಳು ಹೆಚ್ಚಿದವು.

ಈ ಜಾಲದ ಮುಂದೆ ಹಠ ಹಿಡಿದು ಕೂತವರಲ್ಲಿ ಕೋಲಾರ ಜಿಲ್ಲೆಯ ಅಬ್ಬಣಿಯ ಎ.ಎನ್. ಪ್ರಹ್ಲಾದರಾವ್ ಹೆಸರು ಎದ್ದು ಕಾಣುತ್ತದೆ. ವೃತ್ತಿಯಿಂದ ರಾಜ್ಯದ ವಾರ್ತಾ ಇಲಾಖೆಯ ಅಧಿಕಾರಿ, ಡಾ. ರಾಜ್‌ಕುಮಾರ್ ಅವರ ಜೀವನಚರಿತ್ರೆ ಬರೆದವರು. ಅವರು ಕಟ್ಟಿದ ಕನ್ನಡ ಪದಬಂಧಗಳ ಸಂಖ್ಯೆ 35,000 ದಾಟಿತು. ಲಿಮ್ಕಾ ದಾಖಲೆ ಪುಸ್ತಕ ಅವರ ಹೆಸರನ್ನು ಸೇರಿಸಿಕೊಂಡಿತು. ಸಿನಿಮಾವನ್ನೇ ವಸ್ತುವಾಗಿಟ್ಟು ಅವರು ಸಾವಿರಾರು ಪದಬಂಧ ರಚಿಸಿದರು. ಸಿನಿಮಾ ಪದಬಂಧಕ್ಕೆ ನಿಘಂಟು ನೆರವಾಗುವುದಿಲ್ಲ. ಅಲ್ಲಿ ಸಮಾನಾರ್ಥಕ ಪದವಿಲ್ಲ, ಸಂಗತಿಗಳೇ ಮಾತಾಡಬೇಕು. ‘ಟಿ.ಕೆ. ರಾಮರಾವ್ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ 1972ರ ಚಿತ್ರದಲ್ಲಿ ರಾಜ್‌ಕುಮಾರ್ ಪಾತ್ರದ ಹೆಸರು (3)’ ಎಂದರೆ ‘ರಾಜೀವ’ ಬಿಟ್ಟು ಇನ್ನೊಂದು ಬರಲಾರದು. ಆ ಪದದ ಅರ್ಥವನ್ನಷ್ಟೇ ಹಿಡಿದು ‘ತಾವರೆ (3)’ ಎಂದಿದ್ದರೆ ‘ಕಮಲ’, ‘ನಳಿನ’, ‘ಸರೋಜ’ ಎಲ್ಲವೂ ಸಾಲುಗಟ್ಟಿ ನಿಲ್ಲುತ್ತಿದ್ದವು.

ಈ ಹೆಣಿಗೆಯ ಗುದ್ದಾಟ ಎಂಥದ್ದೆಂದು ದಾವಣಗೆರೆ ಸೀಮೆಯ ಮೂರೇ ಊರುಗಳು ಸಾಕಷ್ಟು ತೋರಿಸಿದವು. ದಾವಣಗೆರೆ, ಹರಿಹರ, ನಡುವಿನ ಬಾತಿ: ಈ ಮೂರು ಹೆಸರನ್ನೂ ಒಂದೇ ಪದಬಂಧದಲ್ಲಿ ಹೆಣೆಯಬೇಕಿತ್ತು. ಪಿ.ಬಿ. ರಸ್ತೆಯಲ್ಲಿ ಎರಡು ನಗರಗಳ ನಡುವೆ ಸುಮಾರು 14 ಕಿ.ಮೀ. ಬಸ್ಸಿಗೆ ಅರ್ಧ ಗಂಟೆಯ ಹಾದಿ. ಇಂಗ್ಲಿಷ್ ಲಿಪಿಯಲ್ಲಿ ಎರಡೂ ಹೆಸರು ಹಲವು ಕಡೆ ಒಂದನ್ನೊಂದು ಹಾಯುತ್ತವೆ. ಕನ್ನಡದಲ್ಲಿ ‘ಹರಿಹರ’ದಲ್ಲಿರುವುದು ಹ, ರಿ, ರ. ‘ದಾವಣಗೆರೆ’ಯಲ್ಲಿ ರೆ ಇದೆ, ರ ಇಲ್ಲ. ಒಂದು ಅಕ್ಷರವೂ ಕೂಡಲಿಲ್ಲ. ನೆಲದ ಮೇಲೆ ಎರಡನ್ನೂ ಕೂಡಿಸುವ ಬಾತಿ ಇಲ್ಲಿ ಎರಡಕ್ಕೂ ದೂರವಾಯಿತು.

ಮೊದಲು ‘ಬಾದಾಮಿ’ ಹೊಳೆಯಿತು. ಅದರ ‘ಬಾ’ ಬಾತಿಗೆ, ‘ದಾ’ ದಾವಣಗೆರೆಗೆ. ಎಂಥ ಅದೃಷ್ಟ ಎನ್ನುವಷ್ಟರಲ್ಲೇ ಪಕ್ಕದ ಸಾಲು ಕೆಟ್ಟಿತು. ಬಾತಿಯ ‘ತಿ’ ಕೆಳಗೆ ದಾವಣಗೆರೆಯ ‘ವ’ ಬಂದು ‘ತಿವ’ ಎಂಬ ಅರ್ಥವಿಲ್ಲದ ಜೋಡಿ ಹುಟ್ಟಿತು. ಅಳಿಸಬೇಕಾಯಿತು. ಆಮೇಲೆ ‘ತಿಮಿರ’ ಸಿಕ್ಕಿತು. ಬಾತಿಯ ‘ತಿ’ಯಿಂದ ಇಳಿದು ಹರಿಹರದ ‘ರ’ಕ್ಕೆ ಬಂದು ನಿಂತಿತು. ಇನ್ನು ಹರಿಹರದಿಂದ ದಾವಣಗೆರೆಗೆ ಇಳಿಯಬೇಕು. ‘ರಮಣ’ ಸರಿಯಾಗಿ ಕೂತಿತು: ಮೇಲೆ ರ, ಕೆಳಗೆ ಣ. ಮೇಲಿನಿಂದ ಓದಿದಾಗ ಎದೆ ಧಸಕ್ಕೆಂದಿತು. ಹರಿಹರದಲ್ಲಿ ‘ರ’ ಇರುವುದು ಒಂದೇ. ಎರಡು ಪದಗಳೂ ಅದಕ್ಕೇ ತಗುಲಿಕೊಂಡು ‘ತಿಮಿರಮಣ’ ಎಂಬ ಯಾವ ನಿಘಂಟಿನಲ್ಲೂ ಇಲ್ಲದ ಪದವಾಗಿತ್ತು!

ಬಿಡಿಸುವ ದಾರಿ ಹರಿಹರದ ಇನ್ನೊಂದು ತುದಿಯಲ್ಲಿತ್ತು. ಮೊದಲ ‘ಹ’ದಿಂದ ‘ಹರಣ’ ಇಳಿಸಿದಾಗ ಅದರ ‘ಣ’ ದಾವಣಗೆರೆಯ ನಡುಮನೆಗೆ ನೆಟ್ಟಗೆ ಬಂದು ಕೂತಿತು. ಯಾವ ಸಾಲೂ ಕೆಡಲಿಲ್ಲ. ಬಾತಿ, ತಿಮಿರ, ಹರಿಹರ, ಹರಣ, ದಾವಣಗೆರೆ: ಐದು ಪದ ಸೇರಿ 13 ಮನೆಗಳು.

ಕೆಲಸ ಮುಗಿಯಿತೆಂದುಕೊಂಡಲ್ಲೇ ದೊಡ್ಡ ತೊಡಕು ಕಾಣಿಸಿತು. 13 ಮನೆಗಳಲ್ಲಿ ಎರಡು ದಿಕ್ಕಿನಿಂದ ಆಸರೆ ಇದ್ದದ್ದು ನಾಲ್ಕಕ್ಕೆ ಮಾತ್ರ. ದಾವಣಗೆರೆ ತುಂಬುವವರಿಗೆ ಜಾಲ ಕೊಡುವುದು ‘ಣ’ ಒಂದನ್ನೇ, ಬಾತಿಗೆ ‘ತಿ’ ಒಂದನ್ನೇ. ‘ಕತ್ತಲೆ (3)’ ಎಂದು ಬರೆದರೆ ‘ತಿಮಿರ’ವೂ ಆಗುತ್ತಿತ್ತು, ‘ಇರುಳು’ ಕೂಡ. ‘ಜೀವ (3)’ ಎಂದರೆ ‘ಹರಣ’ದ ಜೊತೆ ‘ಉಸಿರು’ ನಿಲ್ಲುತ್ತಿತ್ತು. ‘ದಾವಣಗೆರೆ ಬಳಿಯ ಊರು (2)’ ಎಂದರೆ ಕೆಲಸ ಇನ್ನೂ ಕೆಡುತ್ತಿತ್ತು. ವಿನ್ ಅವರನ್ನು ಕಾಪಾಡಿದ್ದ ಅಡ್ಡಪದಗಳ ನೆರವು ಇಲ್ಲಿ ಸಿಗುವಂತಿರಲಿಲ್ಲ.

ಆಗ ಸುಳಿವುಗಳು ಉದ್ದವಾಗತೊಡಗಿದವು. ‘ತುಂಗಭದ್ರೆಯ ದಂಡೆಯ ಊರು (4)’ ಎಂಬುದಕ್ಕೆ ಹೊಯ್ಸಳರ ಕಾಲ ಸೇರಿತು, ಆಮೇಲೆ ಕಟ್ಟಿಸಿದವರ ಹೆಸರು ಸೇರಿತು, ಕಡೆಗೆ ಮೂರ್ತಿಯೇ ಬಂತು: ‘ಇಮ್ಮಡಿ ವೀರನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಗುಡಿ ಕಟ್ಟಿಸಿದ, ಅರ್ಧ ಶಿವ ಅರ್ಧ ವಿಷ್ಣುವಾದ ದೇವರಿಂದಲೇ ಹೆಸರು ಪಡೆದ ತುಂಗಭದ್ರೆಯ ದಂಡೆಯ ಊರು (4).’ ತಿಮಿರಕ್ಕೆ ‘ಆಯುರ್ವೇದದಲ್ಲಿ ಕಣ್ಣಿನ ರೋಗವೊಂದರ ಹೆಸರೂ ಆಗಿರುವ ಕತ್ತಲು (3)’. ಹರಣಕ್ಕೆ ‘ಪ್ರಾಣ ಎಂಬ ಅರ್ಥವೂ ಇರುವ, ರಾವಣ ಸೀತೆಗೆ ಮಾಡಿದ ಅನ್ಯಾಯ (3)’. ದಾವಣಗೆರೆಗೆ ‘1997ರ ಆಗಸ್ಟ್ 15ರಂದು ಹೊಸ ಜಿಲ್ಲೆಯ ಕೇಂದ್ರವಾದ, ಹತ್ತಿಗಿರಣಿಗಳಿಂದ ಹೆಸರಾಗಿ ಬೆಣ್ಣೆದೋಸೆಯಿಂದ ಮನೆಮಾತಾದ ನಗರ (5)’. ಬಾತಿ ಎಲ್ಲಕ್ಕಿಂತ ಹೆಚ್ಚು ಸತಾಯಿಸಿತು. ಗುಡ್ಡ ಇದೆ ಎಂದರೆ ಸಾಲದು, ಕೆರೆ ಇದೆ ಎಂದರೆ ಸಾಲದು, ಅವು ಎಷ್ಟೋ ಊರಿಗಿವೆ. ಕಡೆಗೆ ದಾರಿಬದಿಯ ಊರಹೆಸರುಗಳೇ ಉತ್ತರ ಕೊಟ್ಟವು: ‘ಮುಂಚೆ ಹಳೇ ಎಂದು ಸೇರಿದರೂ ದೊಡ್ಡ ಎಂದು ಸೇರಿದರೂ ಒಂದೊಂದು ಊರಾಗುವ, ದಾವಣಗೆರೆ–ಹರಿಹರ ಹಾದಿಯ ಹೆಸರು (2).’

ಗುಟ್ಟು ಇಷ್ಟೇ. ಸುಳಿವಿನ ಒಂದೊಂದು ಸಂಗತಿಯೂ ಹೊಲದ ಒಂದೊಂದು ಬದಿಗೆ ಹಾಕಿದ ಬದು. ನದಿ ಒಂದು ಕಡೆ ಮುಚ್ಚುತ್ತದೆ, ಇಸವಿ ಇನ್ನೊಂದು ಕಡೆ, ದೇವರು ಮತ್ತೊಂದು ಕಡೆ. ಎಲ್ಲ ಬದುಗಳೂ ಕೂಡಿದಾಗ ಒಳಗೆ ಒಂದೇ ಉತ್ತರ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸದ ದೊಡ್ಡ ಪಾಲನ್ನು ಅಡ್ಡ ಹಾಯುವ ಅಕ್ಷರಗಳು ಮಾಡುತ್ತವೆ. ಕನ್ನಡದ ಅಕ್ಷರ ಸುಲಭಕ್ಕೆ ಕೂಡುವುದಿಲ್ಲವಾದ್ದರಿಂದ ಆ ಭಾರ ಸುಳಿವಿನ ಮೇಲೆ ಬೀಳುತ್ತದೆ. ಈ ಐದು ಸುಳಿವುಗಳನ್ನು ಒಂದೆರಡು ಪದಕ್ಕೆ ಇಳಿಸಿದರೆ 13 ಮನೆಗಳಲ್ಲಿ ಒಂಬತ್ತು ಬರಿಯ ಊಹೆಯ ಪಾಲಾಗುತ್ತವೆ.