ಕಟ್ಟೆಯ ಮೇಲೆ ಉಳಿದ ಅನ್ನ

ಪೂರ್ವ ದಿಲ್ಲಿಯ ಲಕ್ಷ್ಮೀ ನಗರದಲ್ಲಿ ಮಂಗಳವಾರ ಸಂತೆ ಕೂಡುತ್ತದೆ. ರಾತ್ರಿ ಅಂಗಡಿ ಎತ್ತುವ ಹೊತ್ತಿಗೆ ಸೊಪ್ಪಿನ ಬೆಲೆ ಇಳಿಯುವುದು ಎಲ್ಲ ಸಂತೆಗಳ ಹಾಗೆ ಇಲ್ಲಿಯೂ ಉಂಟು. ಸಿ.ಎ. ಕೋಚಿಂಗ್‌ಗೆಂದು ಬಂದು ಕೋಣೆ ಹಿಡಿದವರಿಗೂ ಇಲ್ಲೇ ಸಂಸಾರ ಹೂಡಿದವರಿಗೂ ಅಡುಗೆ ಖರ್ಚು ಉಳಿಸುವುದೆಂದರೆ ಆ ಹೊತ್ತಿನಲ್ಲಿ ಹೋಗಿ ಚೌಕಾಸಿ ಮಾಡುವುದು ಎಂದೇ ಭಾವನೆ. ಲೆಕ್ಕ ಹಾಗಿಲ್ಲ. ಕೇಂದ್ರ ಸರ್ಕಾರದ 2022-23ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ನಗರವಾಸಿಯ ತಿಂಗಳ ಖರ್ಚಿನಲ್ಲಿ ಸುಮಾರು ಶೇ 39 ಆಹಾರಕ್ಕೆ ಹೋಗುತ್ತಿತ್ತು. ಆ ವರ್ಷ ಒಟ್ಟು ಖರ್ಚಿನಲ್ಲಿ ತರಕಾರಿಯ ಪಾಲು ಶೇ 4ನ್ನೂ ಮುಟ್ಟಿರಲಿಲ್ಲ; ಪಾನೀಯ ಮತ್ತು ಸಿದ್ಧ ಆಹಾರದ ಪಾಲು ಶೇ 10ನ್ನು ದಾಟಿತ್ತು. ಮೆಂತ್ಯ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಇಳಿಸಿಕೊಂಡು, ಅದೇ ರಾತ್ರಿ ಉಳಿದ ಅನ್ನವನ್ನು ಚೆಲ್ಲಿ ಮೊಬೈಲಿನಲ್ಲಿ ಬಿರಿಯಾನಿ ತರಿಸಿದರೆ ಚೌಕಾಸಿಗೆ ಬೆಲೆಯೇ ಇಲ್ಲ. ಹಣ ಸೋರುವುದು ಉಳಿದದ್ದನ್ನು ನಂಬದೆ ಇರುವಲ್ಲಿ. ಆ ಅಪನಂಬಿಕೆಯೂ ತಪ್ಪು ಜಾಗಕ್ಕೆ ಗುರಿಯಿಟ್ಟಿದೆ.

ತಂಗಳು ಎಂದರೆ ವಿಷ, ಬಿಸಿ ಮಾಡಿದರೆ ಆ ವಿಷ ಹೋಗುತ್ತದೆ ಎಂಬ ಎರಡು ನಂಬಿಕೆಗಳು ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳುತ್ತವೆ. ಎರಡೂ ತಪ್ಪು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಸಾಮಾನ್ಯ. ಅನ್ನ ಬೇಯುವ ಶಾಖಕ್ಕೆ ಅವು ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಕೂತಿರುವಷ್ಟು ಹೊತ್ತೂ ಅವು ಮೊಳೆತು ಹೆಚ್ಚುತ್ತವೆ, ಅವುಗಳಲ್ಲಿ ಕೆಲವು ಬಗೆಯವು ಸೆರುಲೈಡ್ ಎಂಬ ವಿಷವನ್ನು ಬಿಡುತ್ತವೆ. ಈ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಉಳಿಯುತ್ತದೆ, ಅಂದರೆ ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಪ್ರಯೋಜನವಿಲ್ಲ. 2008ರಲ್ಲಿ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗೇ ಇದ್ದ ಸ್ಪಗೆಟ್ಟಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದು ಸತ್ತ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಅಷ್ಟು ಘೋರವಾದದ್ದು ಅಪರೂಪ. ಆದರೆ ಬಿಸಿ ಮಾಡುವುದು ಮದ್ದಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಇನ್ನೊಂದು ಕಡೆ, ಬೆಂದ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ನಲ್ಲಿಟ್ಟ ಅನ್ನ ಮರುದಿನದ ಚಿತ್ರಾನ್ನಕ್ಕೆ ನಿಶ್ಚಿಂತ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆಯ ಸಲಹೆಯೂ ಹೆಚ್ಚುಕಡಿಮೆ ಇದೇ: ಬೇಗ ಆರಿಸಿ, ಒಂದು ದಿನದೊಳಗೆ ಮುಗಿಸಿ, ಒಮ್ಮೆ ಮಾತ್ರ ಬಿಸಿ ಮಾಡಿ. ಹೆದರಬೇಕಾದದ್ದು ಕಟ್ಟೆಯ ಮೇಲೆ ಕಳೆದ ಗಂಟೆಗಳಿಗೆ. ಮಧ್ಯಾಹ್ನ ಒಂದಕ್ಕೆ ಮಾಡಿ ಮುಚ್ಚಿಟ್ಟ ಅನ್ನವನ್ನು ರಾತ್ರಿ ಒಂಬತ್ತಕ್ಕೆ ‘ಇವತ್ತಿನದೇ ಅಲ್ಲವಾ’ ಎಂದು ಉಣ್ಣುವವರು, ನಿನ್ನೆ ಫ್ರಿಜ್‌ನಲ್ಲಿಟ್ಟದ್ದನ್ನು ತಂಗಳೆಂದು ಚೆಲ್ಲುತ್ತಾರೆ.

ಈ ಗಂಟೆಗಳು ಜಾಸ್ತಿಯಾಗಲು ಮುಖ್ಯ ಕಾರಣ ಇನ್ನೊಂದು ನಂಬಿಕೆ: ಪೂರ್ತಿ ಆರುವ ತನಕ ಫ್ರಿಜ್‌ಗೆ ಇಡಬಾರದು, ಇಟ್ಟರೆ ಫ್ರಿಜ್ ಕೆಡುತ್ತದೆ. ಕುದಿಯುವ ಹುಳಿಯ ದೊಡ್ಡ ಪಾತ್ರೆಯನ್ನು ಒಳಗೆ ತಳ್ಳಬಾರದು, ನಿಜ; ಪಕ್ಕದಲ್ಲಿರುವ ಹಾಲು ಬೆಚ್ಚಗಾಗುತ್ತದೆ. ಆದರೆ ಉಗುರುಬೆಚ್ಚಗಿನ ಡಬ್ಬಿಯಿಂದ ಯಂತ್ರಕ್ಕೆ ಏನೂ ಆಗದು. ಆಳವಾದ ಪಾತ್ರೆಯಲ್ಲಿ ಒತ್ತಿ ಮುಚ್ಚಿಟ್ಟ ಅನ್ನದ ನಡುಭಾಗ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಅದನ್ನೇ ಅಗಲವಾದ ತಟ್ಟೆಗೆ ಸುರಿದು, ಬೆರಳ ದಪ್ಪಕ್ಕೆ ಹರಡಿ, ಫ್ಯಾನಿನ ಕೆಳಗಿಟ್ಟರೆ ಉಳಿದವರ ಊಟ ಮುಗಿಯುವಷ್ಟರಲ್ಲಿ ಡಬ್ಬಿಗೆ ತುಂಬಬಹುದು. ಪುಳಿಯೋಗರೆ ಕಲೆಸುವವರು ಹೇಗೂ ಹೀಗೆಯೇ ಹರಡುತ್ತಾರೆ, ಅಗುಳು ಬಿಡಿಬಿಡಿಯಾಗಲಿ ಎಂದು.

ಹಿರಿಯರು ತಂಗಳನ್ನ ಉಂಡೇ ಗಟ್ಟಿಮುಟ್ಟಾಗಿದ್ದರಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟ ಅನ್ನ ಬೆಳಗಿನ ಹೊತ್ತಿಗೆ ಹುಳಿ ಬಂದಿರುತ್ತದೆ. ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಉಳಿದವನ್ನು ಅಷ್ಟಾಗಿ ಬೆಳೆಯಗೊಡುವುದಿಲ್ಲ. ರಾಗಿ ಅಂಬಲಿ ನಿಂತಿರುವುದೂ ಅದೇ ಬಲದ ಮೇಲೆ. ಅಂದರೆ ಹಿರಿಯರು ಅನ್ನವನ್ನು ಸುಮ್ಮನೆ ಬಿಟ್ಟಿರಲಿಲ್ಲ, ಅದಕ್ಕೊಂದು ಸಂಸ್ಕಾರ ಮಾಡುತ್ತಿದ್ದರು. ಒಣ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿಟ್ಟು ಮಲಗುವ ನಮಗೆ ಅವರ ಉದಾಹರಣೆ ಒಪ್ಪುವುದಿಲ್ಲ. ಅವರಿಗೆ ಏನೂ ಆಗಲಿಲ್ಲ ಎಂಬ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಸೆರುಲೈಡ್ ತರುವ ವಾಂತಿ ಉಂಡ ಕೆಲವೇ ಗಂಟೆಗಳಲ್ಲಿ ಶುರುವಾಗಿ ಸಾಮಾನ್ಯವಾಗಿ ಒಂದು ದಿನದೊಳಗೆ ನಿಲ್ಲುತ್ತದೆ. ಅಪವಾದ ಅನ್ನದ ಮೇಲೆ ಬರುತ್ತಿರಲಿಲ್ಲ, ದೃಷ್ಟಿಯ ಮೇಲೆ ಬರುತ್ತಿತ್ತು. ಇನ್ನು ತಂಗಳಿನಲ್ಲಿ ಸತ್ವವಿಲ್ಲ ಎನ್ನುವವರಿಗೆ ಅರ್ಧ ಸರಿ ಎನ್ನಬಹುದು. ಮತ್ತೆ ಮತ್ತೆ ಕಾಯಿಸಿದರೆ ಸಿ ಜೀವಸತ್ವ ಕಡಿಮೆಯಾಗುತ್ತದೆ, ಆದರೆ ಅದರ ದೊಡ್ಡ ಪಾಲು ಮೊದಲ ಬೇಯುವಿಕೆಯಲ್ಲೇ ಹೋಗಿರುತ್ತದೆ. ಬೇಳೆಯ ಪ್ರೋಟೀನು, ಸೊಪ್ಪಿನ ನಾರು, ಕಬ್ಬಿಣ ರಾತ್ರೋರಾತ್ರಿ ಎಲ್ಲಿಗೂ ಹೋಗುವುದಿಲ್ಲ.

ಕರ್ನಾಟಕದ ಊರುಗಳ ಲೆಕ್ಕವನ್ನು ದಿಲ್ಲಿಗೆ ಹಾಗೇ ತರಲು ಆಗದಿರುವುದಕ್ಕೆ ಇಲ್ಲಿನ ಹವೆ ಕಾರಣ. ಇಡ್ಲಿ ಹಿಟ್ಟು ಇದಕ್ಕೆ ಒಳ್ಳೆಯ ಮಾಪಕ. ಜನವರಿಯಲ್ಲಿ ರಾತ್ರಿಯಿಡೀ ಇಟ್ಟರೂ ಉಬ್ಬದ ಹಿಟ್ಟು ಜೂನ್‌ನಲ್ಲಿ ಮಧ್ಯಾಹ್ನದೊಳಗೆ ಪಾತ್ರೆ ದಾಟುತ್ತದೆ. ಹಿಟ್ಟು ಬೇಗ ಹುದುಗುವ ಶಾಖದಲ್ಲೇ ಅನ್ನವೂ ಬೇಗ ಕೆಡುತ್ತದೆ. ಅಡುಗೆ ಹೊರಗಿರಬಹುದಾದ ಅವಧಿ ಎರಡು ಗಂಟೆ, ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ ಎಂಬುದು ಅಮೆರಿಕದ ಕೃಷಿ ಇಲಾಖೆಯ ಸೂತ್ರ. ದಿಲ್ಲಿಯ ಮೇ, ಜೂನ್ ರಾತ್ರಿಗಳಿಗೂ ಎರಡನೆಯದೇ ಅನ್ವಯ. ಚಳಿಗಾಲದ ಲಾಭ ಬೇರೆ ಕಡೆ ಇದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಬಟಾಣಿ, ಕೆಂಪು ಗಜ್ಜರಿ, ಮೂಲಂಗಿ, ಬತುವಾ ಸೊಪ್ಪು ರಾಶಿ ಬಂದು ಬೆಲೆ ಬೀಳುತ್ತದೆ. ತಾಜಾ ಬಟಾಣಿಯೇ ಸದಾ ಮೇಲು, ಫ್ರೀಜರಿನದು ಸತ್ತದ್ದು ಎಂಬುದೂ ತಪ್ಪೇ. ಕಿತ್ತ ಬಟಾಣಿಯ ಸಿಹಿ ದಿನದಿನಕ್ಕೆ ಪಿಷ್ಟವಾಗುತ್ತಾ ಹೋಗುತ್ತದೆ. ಸುಲಿದ ಕಾಳನ್ನು ಕುದಿಯುವ ನೀರಿನಲ್ಲಿ ಒಂದೂವರೆ ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಒರೆಸಿ ಫ್ರೀಜರಿಗೆ ಇಟ್ಟರೆ ಬಣ್ಣ, ರುಚಿ ಕೆಡಿಸುವ ಕಿಣ್ವಗಳು ನಿಲ್ಲುತ್ತವೆ. ಒದ್ದೆಯಿದ್ದರೆ ಕಾಳು ಗಡ್ಡೆಕಟ್ಟುತ್ತದೆ, ಅಷ್ಟೇ. ಜನವರಿಯಲ್ಲಿ ಹೀಗೆ ಇಟ್ಟದ್ದು ಮೇ ತಿಂಗಳ ಉಪ್ಪಿಟ್ಟಿಗೆ ಬರುತ್ತದೆ, ಸಂತೆಯಲ್ಲಿ ಸೋರೆಕಾಯಿ, ಹೀರೆಕಾಯಿ ಬಿಟ್ಟು ಹೆಚ್ಚೇನೂ ಕಾಣದ ಹೊತ್ತಿನಲ್ಲಿ.

ಇಷ್ಟೆಲ್ಲ ಫ್ರಿಜ್ ಇದ್ದವರ ಮಾತಾಯಿತು, ಪಿ.ಜಿ. ಕೋಣೆಯಲ್ಲಿ ಒಂದು ಇಂಡಕ್ಷನ್ ಒಲೆ ಬಿಟ್ಟು ಏನಿದೆ ಎಂಬುದು ಗಟ್ಟಿಯಾದ ಆಕ್ಷೇಪ. ಅಲ್ಲಿ ಅನ್ನ ಉಳಿಸುವ ಸಾಹಸವೇ ಬೇಡ; ಒಬ್ಬರಿಗೆ ಬೇಕಾದಷ್ಟೇ ಅಕ್ಕಿ ಹಾಕಬೇಕು, ಅರ್ಧ ಲೋಟ ಸಾಕು. ಅಡುಗೆ ಕೆಡಲು ನೀರು ಬೇಕು, ಹುಳಿ ಇರಬಾರದು. ಈ ಎರಡನ್ನು ತಿಳಿದರೆ ಯಾವುದನ್ನು ಮಾಡಿಡಬಹುದು ಎಂಬುದು ತಾನಾಗಿ ಹೊಳೆಯುತ್ತದೆ. ಎಣ್ಣೆ ಬಿಡುವ ತನಕ ಕುದಿಸಿದ ಹುಣಸೆ ಗೊಜ್ಜು, ಹುರಿದು ಮಾಡಿದ ಶೇಂಗಾ ಚಟ್ನಿಪುಡಿ, ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಡಬ್ಬಿಯಲ್ಲಿ ಇರುತ್ತವೆ. ಹಸಿ ತೆಂಗಿನಕಾಯಿ ಹಾಕಿದ ಯಾವುದೂ ಹಾಗೆ ಇರುವುದಿಲ್ಲ. ಗೊಜ್ಜನ್ನು ಒಮ್ಮೆ ಮಾಡಿಟ್ಟು, ಅನ್ನವನ್ನು ಆಯಾ ಊಟಕ್ಕೆ ಹೊಸದಾಗಿ ಮಾಡಿಕೊಳ್ಳಬೇಕು. ಕಲೆಸಿಟ್ಟ ಪುಳಿಯೋಗರೆ ಬೇರೆ ಅನ್ನಗಳಿಗಿಂತ ಹೆಚ್ಚು ಹೊತ್ತು ತಾಳಿದರೂ ಜೂನ್‌ನಲ್ಲಿ ಅದನ್ನು ರಾತ್ರಿಗೆಂದು ಉಳಿಸಬಾರದು.