ಕ್ಷೌರದಂಗಡಿಯಲ್ಲಿ ಹುಟ್ಟಿದ ವಿಮಾ ಕಂಪನಿ

ಅಮೆರಿಕದ ಅಟ್ಲಾಂಟಾ ನಗರದ ಪೀಚ್‌ಟ್ರೀ ಬೀದಿ, ನಂಬರ್ 66. ಮಹಾಗನಿ ಮರದ ಬಾಗಿಲು ತಳ್ಳಿ ಒಳಹೊಕ್ಕರೆ ಸ್ಫಟಿಕದ ತೂಗುದೀಪಗಳು, ಸಾಲಾಗಿ ಇಪ್ಪತ್ತಕ್ಕೂ ಹೆಚ್ಚು ಕುರ್ಚಿಗಳು. ಊರಿನ ವಕೀಲರು, ಜಡ್ಜುಗಳು, ರಾಜಕಾರಣಿಗಳು ಗಡ್ಡ ಮಾಡಿಸಿಕೊಳ್ಳಲು ಬರುತ್ತಿದ್ದುದು ಇಲ್ಲಿಗೇ. ಕತ್ತರಿ ಹಿಡಿದವರೆಲ್ಲ ಕಪ್ಪುಜನ, ಕುರ್ಚಿಯಲ್ಲಿ ಕೂತವರೆಲ್ಲ ಬಿಳಿಯರು. ಮಾಲೀಕ ಅಲಾಂಜೊ ಹರ್ನ್‌ಡನ್ ಕೂಡ ಕಪ್ಪು ಮನುಷ್ಯನೇ. ಆದರೂ ತನ್ನವರನ್ನು ಗಿರಾಕಿಗಳಾಗಿ ಕೂರಿಸಿಕೊಳ್ಳುವ ಹಾಗಿರಲಿಲ್ಲ.

ಹರ್ನ್‌ಡನ್ ಹುಟ್ಟಿದ್ದು 1858ರಲ್ಲಿ, ಜಾರ್ಜಿಯಾದ ವಾಲ್ಟನ್ ಕೌಂಟಿಯಲ್ಲಿ. ತಾಯಿ ಗುಲಾಮಳು, ತಂದೆ ಬಿಳಿಯ ಜಮೀನ್ದಾರ. ಬಿಡುಗಡೆ ಸಿಕ್ಕಮೇಲೂ ಹೊಲದ ದುಡಿಮೆ ತಪ್ಪಲಿಲ್ಲ. 1878ರಲ್ಲಿ ಕೂಡಿಟ್ಟ 11 ಡಾಲರ್ ಜೇಬಿಗಿಳಿಸಿ ಊರು ಬಿಟ್ಟಾಗ ಆತನಿಗಿದ್ದ ಶಾಲೆಯ ಓದು ಒಂದು ವರ್ಷದಷ್ಟು. ಕ್ಷೌರ ಕಲಿತ, ಅಂಗಡಿ ಹಾಕಿದ, ಬಂದ ಲಾಭವನ್ನೆಲ್ಲ ಮನೆ-ನಿವೇಶನಗಳಿಗೆ ಸುರಿದ.

ವಿಮೆಗೆ ಕೈಹಾಕಿದ್ದರ ಹಿಂದೆ ಒಂದು ಕಹಿ ಲೆಕ್ಕಾಚಾರವಿದೆ. ಪ್ರುಡೆನ್ಷಿಯಲ್ ಕಂಪನಿ 1881ರಲ್ಲೇ ಕಪ್ಪುಜನರಿಗೆ ಕೊಡುವ ವಿಮಾ ಮೊತ್ತವನ್ನು ಮೂರನೇ ಒಂದು ಭಾಗ ಕತ್ತರಿಸಿತ್ತು. ಕಂತು ಮಾತ್ರ ಬಿಳಿಯರಷ್ಟೇ! ಹೀಗಾಗಿ ಬಟ್ಟೆ ಒಗೆಯುವವರು, ಕೂಲಿಗಳು ನೆಚ್ಚಿಕೊಂಡದ್ದು ಚರ್ಚುಗಳ ಸಣ್ಣಪುಟ್ಟ ಸಹಾಯ ಸಂಘಗಳನ್ನು. ವಾರಕ್ಕಿಷ್ಟು ಚಿಲ್ಲರೆ ಕಟ್ಟಿದರೆ ಕಾಯಿಲೆಗೊಂದಿಷ್ಟು, ಮಣ್ಣಿಗೊಂದಿಷ್ಟು. 1905ರಲ್ಲಿ ಜಾರ್ಜಿಯಾ ಸರ್ಕಾರ ಪ್ರತಿ ಸಂಘವೂ 5,000 ಡಾಲರ್ ಠೇವಣಿ ಇಡಬೇಕೆಂದಾಗ ಇವು ಕಂಗಾಲಾದವು. ಅಂಥದ್ದೊಂದನ್ನು ನಡೆಸುತ್ತಿದ್ದ ಪಾದ್ರಿಗಳು ಹರ್ನ್‌ಡನ್ ಬಳಿ ಬಂದರು. ಆತ 140 ಡಾಲರಿಗೆ ಸಂಘವನ್ನು ಕೊಂಡು, ಠೇವಣಿಯನ್ನೂ ತಾನೇ ತುಂಬಿ, ಮತ್ತಷ್ಟು ಸಂಘಗಳನ್ನು ಅದರೊಳಗೆ ಸೇರಿಸಿಕೊಂಡ.

ಅದೇ ವರ್ಷ ಕಪ್ಪುಜನರ ಹಕ್ಕುಗಳ ಹೋರಾಟಗಾರ ಡಬ್ಲ್ಯು.ಇ.ಬಿ. ಡುಬೋಯ್ಸ್ ಕರೆದ ನಯಾಗರಾ ಚಳವಳಿಯ ಮೊದಲ ಸಭೆಗೂ ಹೋಗಿಬಂದ. ಅಲ್ಲಿ ಸಮಾನ ಹಕ್ಕಿನ ಠರಾವು, ಮರಳಿ ಬಂದರೆ ಬಿಳಿಯರಿಗಷ್ಟೇ ಮೀಸಲಾದ ಕುರ್ಚಿಗಳು. ಇದನ್ನು ಇಬ್ಬಂದಿತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಠೇವಣಿ ಕಟ್ಟುವ ತಾಕತ್ತು ಬಂದದ್ದು ಆ ಕುರ್ಚಿಗಳಿಂದಲೇ.

ಹಾಗಂತ ಬಿಳಿಯರ ಒಡನಾಟ ರಕ್ಷೆಯೇನೂ ಆಗಲಿಲ್ಲ. 1906ರ ಸೆಪ್ಟೆಂಬರಿನ ಜನಾಂಗೀಯ ಗಲಭೆಯಲ್ಲಿ ಬಿಳಿಯರ ಗುಂಪು ಹರ್ನ್‌ಡನ್ ಅಂಗಡಿಯ ಗಾಜುಗಳನ್ನು ಪುಡಿಮಾಡಿತು. ಅಂದು ಬೇಗ ಬಾಗಿಲು ಹಾಕಿದ್ದರಿಂದ ಅಲ್ಲಿಯವರು ಉಳಿದರು. ಎದುರಿನ ಅಂಗಡಿಯ ಕ್ಷೌರಿಕರು ಹೆಣವಾದರು.

1910ರಲ್ಲಿ ಹರ್ನ್‌ಡನ್ ದಂಪತಿಯ 15 ಕೋಣೆಗಳ ಬಂಗಲೆ ಎದ್ದುನಿಂತಿತು. ವಿನ್ಯಾಸ ಪತ್ನಿ ಏಡ್ರಿಯನ್ ಅವರದು. ಕೆಲಸ ಮುಗಿದ ಬೆನ್ನಿಗೇ ಆಕೆ ತೀರಿಕೊಂಡರು. ಹಜಾರದ ಗೋಡೆಯ ಮೇಲಂಚಿನುದ್ದಕ್ಕೂ ಯಜಮಾನನ ಬದುಕಿನ ಚಿತ್ರಗಳಿವೆ, ಗುಲಾಮಗಿರಿಯ ದಿನಗಳಿಂದಲೇ ಶುರುವಾಗಿ. ಶ್ರೀಮಂತಿಕೆ ಬಂದಮೇಲೆ ಹಳೆಯದನ್ನು ಮರೆಮಾಚುವವರೇ ಹೆಚ್ಚು, ಈತ ಅತಿಥಿಗಳ ಕಣ್ಣಿಗೇ ಇಟ್ಟ.

ಆ ಸಂಘಗಳನ್ನು ಕೂಡಿಸಿ ಕಟ್ಟಿದ ವಿಮಾ ಕಂಪನಿ 1922ರಲ್ಲಿ ಅಟ್ಲಾಂಟಾ ಲೈಫ್ ಎಂಬ ಹೆಸರು ಪಡೆಯಿತು. 1927ರಲ್ಲಿ ಹರ್ನ್‌ಡನ್ ತೀರಿಕೊಂಡಮೇಲೆ ಮಗ ನಾರಿಸ್ ಅದನ್ನು ದಶಕಗಳ ಕಾಲ ನಡೆಸಿದ. ಮುಂದೆ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಜೈಲು ಸೇರಿದ ವಿದ್ಯಾರ್ಥಿಗಳಿಗೆ ಜಾಮೀನು ಹಣ ಬೇಕಾದಾಗ ಈ ಕಂಪನಿಯ ತಿಜೋರಿಯೂ ತೆರೆಯಿತು.