ಅಗ್ಗದ ಪ್ರೊಸೆಸರಿಗೆ ತಕ್ಕ ತಾಯಿಹಲಗೆ

ಕಂಪ್ಯೂಟರ್ ಹಳೆಯದಾಗಿದೆ, ಕೈಯಲ್ಲಿರುವ ಹಣ ಸ್ವಲ್ಪ, ಆಸೆ ಮಾತ್ರ ದೊಡ್ಡದು. ಇಂಥ ಇಕ್ಕಟ್ಟಿಗೆ ಸಿಕ್ಕವನು ಅಂಗಡಿಯ ಮೆಟ್ಟಿಲೇರಿದೊಡನೆ ಕೇಳುವುದು ಪ್ರೊಸೆಸರಿನ ಬೆಲೆಯನ್ನು. ಯಂತ್ರದ ಮೆದುಳೆಂಬ ಹೆಗ್ಗಳಿಕೆ ಅದಕ್ಕೇ ಅಲ್ಲವೆ? ಆ ಮೆದುಳಿಗೆ ನೆಲೆ ಕೊಟ್ಟು, ವಿದ್ಯುತ್ತನ್ನು ಉಣಿಸಿ, ತಾಳ ಹಾಕಿ ನಡೆಸುವ ತಾಯಿಹಲಗೆಯನ್ನು, ಎಂದರೆ ಮದರ್‌ಬೋರ್ಡನ್ನು, ವಿಚಾರಿಸುವವರು ವಿರಳ. ಆದರೆ ಅಗ್ಗದ ಪ್ರೊಸೆಸರನ್ನು ಅದರ ನಿಗದಿಯಾದ ವೇಗಕ್ಕಿಂತಲೂ ಹೆಚ್ಚು ವೇಗದಲ್ಲಿ ಓಡಿಸುವ ಓವರ್‌ಕ್ಲಾಕಿಂಗ್ ಎಂಬ ವಿದ್ಯೆಯಲ್ಲಿ ಸೋಲುಗೆಲುವುಗಳು ಬಹುಮಟ್ಟಿಗೆ ಈ ಹಲಗೆಯನ್ನೇ ಅವಲಂಬಿಸಿವೆ. 1998ರ ಪ್ರಸಂಗವೊಂದು ಇದಕ್ಕೆ ಒಳ್ಳೆಯ ನಿದರ್ಶನ.

ಒಂದೇ ದಿನದ ಇಬ್ಬರು ಸೋದರರು

ಆ ವರ್ಷದ ಆಗಸ್ಟ್ 24ರಂದು ಅಮೆರಿಕದ ಇಂಟೆಲ್ ಸಂಸ್ಥೆಯು ಎರಡು ಪ್ರೊಸೆಸರುಗಳನ್ನು ಮಾರುಕಟ್ಟೆಗೆ ತಂದಿತು. ಒಂದು, 450 ಮೆಗಾಹರ್ಟ್ಸ್ ವೇಗದ ಪೆಂಟಿಯಂ 2. ಬೆಲೆ 669 ಡಾಲರ್. ಇನ್ನೊಂದು, 300 ಮೆಗಾಹರ್ಟ್ಸ್ ವೇಗದ ಸೆಲೆರಾನ್ 300ಎ. ಬೆಲೆ 149 ಡಾಲರ್. ಮೊದಲನೆಯದು ಸಿರಿವಂತರಿಗೆ, ಎರಡನೆಯದು ಬಡವರಿಗೆ ಎಂಬುದು ಸಂಸ್ಥೆಯ ಎಣಿಕೆ.

ಆದರೆ ಈ ಬಡ ಸೋದರನಲ್ಲಿ ಒಂದು ಗುಣವಿದ್ದಿತು. ಪೆಂಟಿಯಂ 2ರ 512 ಕಿಲೋಬೈಟ್ ಕ್ಯಾಶ್ ಸ್ಮೃತಿಯು ಮುಖ್ಯ ಚಿಪ್‌ನ ಹೊರಗಿದ್ದು ಅರ್ಧ ವೇಗದಲ್ಲಿ ನಡೆಯುತ್ತಿತ್ತು. ಸೆಲೆರಾನಿಗೆ ದೊರೆತದ್ದು 128 ಕಿಲೋಬೈಟ್ ಮಾತ್ರ. ಆದರೆ ಅದು ಚಿಪ್‌ನ ಒಳಗೇ ಇದ್ದು ಪೂರ್ಣ ವೇಗದಲ್ಲಿ ನಡೆಯುತ್ತಿತ್ತು. ಆದುದರಿಂದ ವೇಗ ಹೆಚ್ಚಿಸಿದಷ್ಟೂ ಅದರ ಸತ್ತ್ವ ಹೊರಬೀಳುತ್ತಿತ್ತು.

ಬೀಗ ಹಾಕಿದ ಗುಣಕ

ಪ್ರೊಸೆಸರಿನ ವೇಗವು ಒಂದು ಸಾಮಾನ್ಯ ಗುಣಾಕಾರ. ಹಲಗೆ ಹಾಕುವ ಮೂಲತಾಳ 66 ಮೆಗಾಹರ್ಟ್ಸ್. ಪ್ರೊಸೆಸರಿನ ಗುಣಕ ನಾಲ್ಕೂವರೆ. ಒಟ್ಟು ಸುಮಾರು 300. ಗುಣಕಕ್ಕೆ ಕಾರ್ಖಾನೆಯಲ್ಲೇ ಬೀಗ ಬಿದ್ದಿತ್ತು. ಆದರೆ ತಾಳವನ್ನು ಹಾಕುವುದು ಹಲಗೆಯಲ್ಲವೆ? ತಾಳವನ್ನು 100ಕ್ಕೆ ಏರಿಸಿದರೆ ಅದೇ ನಾಲ್ಕೂವರೆಯ ಗುಣಕದಿಂದ 450 ಮೆಗಾಹರ್ಟ್ಸ್ ದೊರೆಯುತ್ತದೆ. 149 ಡಾಲರಿನ ಪ್ರೊಸೆಸರು 669 ಡಾಲರಿನ ಸೋದರನ ಹೆಗಲೆಣೆಯಾಗಿ ಓಡತೊಡಗಿತು!

ಆದರೆ ಎಲ್ಲ ಹಲಗೆಗಳಿಂದಲೂ ಇದು ಸಾಧ್ಯವಿರಲಿಲ್ಲ. ಹಿಂದಿನ 440ಎಲ್‌ಎಕ್ಸ್ ಚಿಪ್‌ಸೆಟ್ಟಿನ ಹಲಗೆಗಳು 66ರ ತಾಳಕ್ಕಾಗಿ ರಚಿತವಾದವು. ಕೆಲವು ಹಲಗೆಗಳಲ್ಲಿ 75 ಅಥವಾ 83ಕ್ಕೆ ಏರಿಸಲು ಬರುತ್ತಿದ್ದರೂ, ಆಗ 33ರಲ್ಲಿ ನಡೆಯಬೇಕಾದ ಪಿಸಿಐ ಮಾರ್ಗವೂ 37, 41ಕ್ಕೆ ಏರುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಪ್ರೊಸೆಸರು ಓಡಲು ಸಿದ್ಧವಾಗಿದ್ದರೂ ಹಾರ್ಡ್ ಡಿಸ್ಕಿನ ವ್ಯವಹಾರ ಮುಗ್ಗರಿಸಿ, ಕೂಡಿಟ್ಟ ಕಡತಗಳೇ ಕೆಡುವ ಅಪಾಯವಿತ್ತು.

1998ರಲ್ಲೇ ಬಂದ 440ಬಿಎಕ್ಸ್ ಚಿಪ್‌ಸೆಟ್ಟಿನ ಹಲಗೆಗಳಲ್ಲಿ ತಾಳ 100ಕ್ಕೇರಿದಾಗ ಅದನ್ನು ಮೂರರಿಂದ ಭಾಗಿಸಿ ಪಿಸಿಐ ಮಾರ್ಗವನ್ನು 33ರಲ್ಲಿಯೇ ನಿಲ್ಲಿಸುವ ಏರ್ಪಾಡಿತ್ತು. ಚಿತ್ರಫಲಕದ ಎಜಿಪಿ ಮಾರ್ಗವೂ 66ನ್ನು ಮೀರುತ್ತಿರಲಿಲ್ಲ. ಈ ಬಗೆಯ ಹಲಗೆಗಳಲ್ಲಿ ತೈವಾನಿನ ಅಬಿಟ್ ಸಂಸ್ಥೆಯ ಬಿಎಚ್6 ಹವ್ಯಾಸಿಗಳ ಅಚ್ಚುಮೆಚ್ಚಾಯಿತು. ಪೆಟ್ಟಿಗೆ ಬಿಚ್ಚಿ ಸಣ್ಣ ಜಂಪರುಗಳನ್ನು ಕೀಳುವ ಗೋಜಿಲ್ಲದೆ, ಪರದೆಯ ಮೇಲಿನ ‘ಸಾಫ್ಟ್‌ಮೆನು’ವಿನಲ್ಲೇ ತಾಳವನ್ನೂ ವಿದ್ಯುತ್ ಒತ್ತಡವನ್ನೂ ಬದಲಾಯಿಸಬಹುದಾಗಿತ್ತು. ತಾಳವನ್ನು ತಾನಾಗಿ ಗೊತ್ತುಮಾಡಿಕೊಳ್ಳುವ ಬೇರೆ ಹಲಗೆಗಳಲ್ಲಿ ಸಾಹಸಿಗರು ಪ್ರೊಸೆಸರಿನ ಬಿ21 ಎಂಬ ಸಂಪರ್ಕಬಿಂದುವಿಗೆ ಅಂಟುಪಟ್ಟಿ ಹಚ್ಚಿ ಹಲಗೆಯನ್ನೇ ಮರುಳುಗೊಳಿಸಿದ್ದುಂಟು!

ಆದರೂ ಈ ಲಾಭಕ್ಕೆ ಯಾರ ಭರವಸೆಯೂ ಇರಲಿಲ್ಲ. ಎಲ್ಲ ಸೆಲೆರಾನುಗಳೂ 450ನ್ನು ತಾಳಿಕೊಳ್ಳಲಿಲ್ಲ. 100ರ ತಾಳಕ್ಕೆ ಹೊಂದುವ ಪಿಸಿ100 ಸ್ಮೃತಿಫಲಕವೂ ಬೇಕಾಗಿತ್ತು.

ಇಂದು ಕೊಳ್ಳುವವರಿಗೆ

ಇಂದಿಗೂ ಬೀಗದ ಕೈ ಹಲಗೆಯಲ್ಲಿಯೇ ಇದೆ. ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳ ಗುಣಕಕ್ಕೆ ಬೀಗವಿಲ್ಲದಿದ್ದರೂ, ಅದನ್ನು ಏರಿಸಲು ‘ಜೆಡ್’ ವರ್ಗದ ಚಿಪ್‌ಸೆಟ್ ಬೇಕು. ಎಎಮ್‌ಡಿ ಸಂಸ್ಥೆಯ ರೈಜೆನ್ ಪ್ರೊಸೆಸರುಗಳಿಗೆ ಬಿ650 ಚಿಪ್‌ಸೆಟ್ಟಿನ ಹಲಗೆ ಈ ಸ್ವಾತಂತ್ರ್ಯ ಕೊಡುತ್ತದೆ. ಅಗ್ಗದ ಎ620 ಕೊಡುವುದಿಲ್ಲ. ಇದರ ಜೊತೆಗೆ, ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಭಾಗಗಳ ಮೇಲೆ ಶಾಖವನ್ನು ಹೀರುವ ಲೋಹದ ಹೊದಿಕೆಯಿದೆಯೆ ಎಂಬುದನ್ನೂ ಕಣ್ಣಾರೆ ನೋಡಬೇಕು. ಹೊರೆ ಹೆಚ್ಚಿದಾಗ ಮೊದಲು ಬಿಸಿಯೇರಿ ಬಳಲುವುದು ಆ ಭಾಗವೇ.

ಒಂದು ಮಾತನ್ನು ಮಾತ್ರ ಮರೆಯಲಾಗದು. ಇಂದಿನ ಪ್ರೊಸೆಸರುಗಳು ಅವಕಾಶವಿದ್ದಾಗ ತಾವಾಗಿಯೇ ತಮ್ಮ ಮಿತಿಯ ಸಮೀಪಕ್ಕೆ ಓಡುತ್ತವೆ; 300ನ್ನು 450 ಮಾಡಿದಂಥ ಫಸಲು ಈಗ ಅಪರೂಪ. ಓವರ್‌ಕ್ಲಾಕಿಂಗಿಗೆಂದು ದುಬಾರಿ ಹಲಗೆಗೂ ತಂಪುಕಾರಕಕ್ಕೂ ತೆರುವ ಹಣ, ಒಂದು ಮೆಟ್ಟಿಲು ಮೇಲಿನ ಪ್ರೊಸೆಸರಿನ ಬೆಲೆಗೆ ಸಮನಾದರೆ, ಆ ಪ್ರೊಸೆಸರನ್ನೇ ಕೊಳ್ಳುವುದು ಜಾಣತನ. ಹಾಗಲ್ಲದೆ ವೇಗ ಏರಿಸಿಯೇ ನೋಡಬೇಕೆನ್ನುವವರು ಮನೆಯ ಲೆಕ್ಕಪತ್ರ, ಮಕ್ಕಳ ಛಾಯಾಚಿತ್ರಗಳ ಪ್ರತಿಯೊಂದನ್ನು ಮೊದಲು ಬೇರೆಡೆ ಇಟ್ಟುಕೊಳ್ಳಲಿ. ಕೆಟ್ಟ ಹಲಗೆಯನ್ನು ಮತ್ತೆ ಕೊಳ್ಳಬಹುದು. ಕಳೆದುಹೋದ ಕಡತಗಳು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.